ಸಿದರಾಯ ಬೇಡವೆಂದ ಕುದುರೆಗಳು

ಜಮಖಂಡಿ ಸೀಮೆಯಲ್ಲಿ ಒಂದು ಕಾಲಕ್ಕೆ ಕುದುರೆ ಕೊಳ್ಳುವುದೆಂದರೆ ಮದುವೆ ಮಾಡುವುದಕ್ಕಿಂತ ದೊಡ್ಡ ರಗಳೆ. ಹಲ್ಲು ನೋಡಬೇಕು, ಗೊರಸು ನೋಡಬೇಕು, ಕೆಮ್ಮುತ್ತದೆಯೋ ಎಂದು ಕಿವಿಗೊಟ್ಟು ಕೇಳಬೇಕು. ಇಷ್ಟೆಲ್ಲ ಆದ ಮೇಲೂ ಕೊಳ್ಳುವವನು ಜೇಬಿಗೆ ಕೈ ಹಾಕುತ್ತಿರಲಿಲ್ಲ. "ತಡೀರಿ, ಸಿದರಾಯ ಬರಲಿ" ಎನ್ನುತ್ತಿದ್ದ. ಸಿದರಾಯ ಬರುವ ತನಕ ಮಾರುವವನು ಬೀಡಿ ಸೇದುತ್ತ, ಒಳಗೊಳಗೇ ಅವನಿಗೆ ಬಯ್ಯುತ್ತ ಬಿಸಿಲಲ್ಲಿ ನಿಂತಿರಬೇಕಾಗಿತ್ತು.

ಸಿದರಾಯನಿಗೋ ಅವಸರ ಎಂಬುದೇ ಗೊತ್ತಿಲ್ಲ. ಬಂದವನು ಮೊದಲು ಕುದುರೆಯನ್ನು ಮಾತಾಡಿಸುತ್ತಿದ್ದ. "ಏನವಾ, ಯಾವೂರಾಕಿ ನೀ? ನೀರರ ಕುಡಿಸ್ಯಾರಿಲ್ಲೋ?" ಆಮೇಲೆ ಬಲಗೈಯ ನಡುಬೆರಳಿನಿಂದ ಹಣೆ, ಕಣ್ಣಿನ ಕೆಳಗೆ, ಕೊರಳು, ಎದೆ, ಬೆನ್ನು ಎಂದು ಒಂದೊಂದೇ ಜಾಗ ತಡವುತ್ತ ಹೋಗುತ್ತಿದ್ದ. ಅವನು ಹುಡುಕುತ್ತಿದ್ದುದು ಸುಳಿ. ನಮ್ಮ ನಿಮ್ಮ ನೆತ್ತಿಯ ಮೇಲೆ ಕೂದಲು ಸುತ್ತಿಕೊಂಡು ನಿಂತಿರುತ್ತದಲ್ಲ, ಅದೇ. ಕುದುರೆಗೆ ಅಂಥವು ಮೈಯಲ್ಲಿ ಹಲವು ಕಡೆ ಇರುತ್ತವೆ. ಯಾವುದು ಎಲ್ಲಿದ್ದರೆ ಏನು ಫಲ ಎಂಬುದಕ್ಕೆ ದೊಡ್ಡ ಶಾಸ್ತ್ರವೇ ಇದೆ. ಕೊರಳಲ್ಲಿದ್ದರೆ ದೇವಮಣಿ, ಅಂಥ ಕುದುರೆ ಕಟ್ಟಿದ ಮನೆಗೆ ಬರಕತ್ತು, ಅಂದರೆ ಏಳಿಗೆ. ಕಣ್ಣಿನ ಕೆಳಗಿದ್ದರೆ ಕಣ್ಣೀರ ಸುಳಿ, ಅದು ಮನೆಯವರನ್ನು ಅಳಿಸುತ್ತದೆ. ಜೀನು ಕೂರುವ ಬೆನ್ನ ಮೇಲಿದ್ದರೆ ಒಡೆಯನನ್ನೇ ಕೆಡವುತ್ತದೆ. ಎಲ್ಲ ತಡವಿ ಮುಗಿದ ಮೇಲೆ ಸಿದರಾಯನ ಬಾಯಿಂದ ಒಂದೇ ಮಾತು ಹೊರಡುತ್ತಿತ್ತು. ಒಂದೋ "ಹೂಂ", ಇಲ್ಲವೇ "ಬ್ಯಾಡ". ಬ್ಯಾಡ ಎನಿಸಿಕೊಂಡ ಕುದುರೆಯ ಬೆಲೆಯನ್ನು ಆ ಪೇಟೆಯಲ್ಲಿ ಮತ್ತೆ ಯಾರೂ ಕೇಳುತ್ತಿರಲಿಲ್ಲ.

ಈ ವಿದ್ಯೆ ಅವನಿಗೆ ಬಂದದ್ದು ಕಾಕಾ ಶಿವಯೋಗೆಪ್ಪನಿಂದ. ಕಾಕಾ ಸಂಸ್ಥಾನದ ಪಾಗಾದಲ್ಲಿ, ಅಂದರೆ ಅರಸರ ಕುದುರೆ ಲಾಯದಲ್ಲಿ, ಚಾಕರಿ ಮಾಡಿದವನು. ಸಂಸ್ಥಾನ ಹೋಯಿತು, ಕುದುರೆಗಳು ಚದುರಿ ಹೋದವು, ಕಾಕಾ ಮೈ ಉಜ್ಜುವ ಒಂದು ಬ್ರಶ್ಶು ಹಿಡಿದುಕೊಂಡು ಮನೆಗೆ ಬಂದ. ಅಣ್ಣನ ಮಗ ಸಿದರಾಯನಿಗೆ ಸುಳಿಯ ಪಾಠ ಹೇಳಿಕೊಟ್ಟ. ಹೇಳಿಕೊಡುವುದೇನೋ ಸುಲಭ, ಆದರೆ ಸಿದರಾಯನಿಗೆ ಪ್ರಶ್ನೆ ಕೇಳುವ ಕೆಟ್ಟ ಚಟ.

"ಕಾಕಾ, ಕಣ್ಣೀರ ಸುಳಿ ಯಾರನ್ನ ಅಳಸೇತಿ? ನೀ ನೋಡೀಯೇನು?"

"ನಾ ಎಲ್ಲಿ ನೋಡಲೋ? ನಮ್ಮ ಉಸ್ತಾದ ನೋಡಿದ್ದ."

"ಅಂವ ಖರೇನ ನೋಡಿದ್ದನೋ, ಅವನ ಉಸ್ತಾದ ನೋಡಿದ್ದನೋ?"

ಕಾಕಾ ಕೈಯಲ್ಲಿದ್ದ ಬ್ರಶ್ಶನ್ನೇ ಎಸೆದ. ಸಿದರಾಯ ತಲೆ ಬಗ್ಗಿಸಿ ತಪ್ಪಿಸಿಕೊಂಡ, ಪ್ರಶ್ನೆಯನ್ನೂ ಅಲ್ಲಿಗೇ ಬಿಟ್ಟ.

ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದೆವು ಎಂದು ಊರಲ್ಲಿ ಪೇಢೆ ಹಂಚಿದರಲ್ಲ, ಆ ವರ್ಷ ಸಿದರಾಯ ಸ್ವಂತ ಟಾಂಗಾ ಹೂಡಿದ. ಜಮಖಂಡಿಯಿಂದ ಬನಹಟ್ಟಿ, ರಬಕವಿಗೆ ಸೀರೆ ವ್ಯಾಪಾರಿಗಳನ್ನು ಒಯ್ಯುವುದು, ತರುವುದು. ಟಾಂಗಾದ ಜೊತೆಗೇ ಮದುವೆ ಕುದುರೆಯ ಧಂದೆ ಹಿಡಿದ. ಮದುಮಗ ಹಣಮಪ್ಪನ ಗುಡಿಗೆ ಕುದುರೆ ಏರಿ ಹೋಗುವುದು ನಮ್ಮ ಕಡೆಯ ಪದ್ಧತಿ. ಬಾಜಾ, ಹಲಗೆ, ಪಟಾಕಿ ಇವುಗಳ ನಡುವೆ ಕುದುರೆ ಬೆದರಬಾರದು. ಅದಕ್ಕೆ ಸಿದರಾಯ ಒಂದು ಉಪಾಯ ಮಾಡಿದ. ದಿನಾ ಹುರಳಿ ಹಾಕುವ ಹೊತ್ತಿಗೆ ಹೆಂಡತಿ ಮುತ್ತವ್ವ ಹಿತ್ತಾಳೆ ತಾಟು ಬಡಿಯಬೇಕು. ಕುದುರೆಗೆ ಗದ್ದಲವೆಂದರೆ ಊಟ ಎಂದು ತಲೆಯಲ್ಲಿ ಕೂತುಬಿಟ್ಟಿತು. ಬೆದರುವುದು ನಿಂತಿತು ನಿಜ. ಆದರೆ ಮುಧೋಳದ ಒಂದು ಮದುವೆಯಲ್ಲಿ ಬಾಜಾ ಜೋರಾದದ್ದೇ ತಡ, ಅದು ಮುಂದೆ ನಿಂತಿದ್ದ ಬೀಗರ ಕೊರಳ ಹಾರವನ್ನು ದಾರದ ಸಮೇತ ಮೆಂದು ಮುಗಿಸಿತು. ಮದುಮಗ ನಗುತ್ತ ನಗುತ್ತ ಜಾರಿ ಬೀಳುವುದೊಂದು ಬಾಕಿ.

ಅವನ ಕುತೂಹಲಕ್ಕೆ ಕೊನೆ ಮೊದಲಿಲ್ಲ. ಕುದುರೆ ನಿಂತೇ ನಿದ್ದೆ ಮಾಡುವಾಗ ಯಾವ ಕಾಲಿಗೆ ಆರಾಮು ಕೊಡುತ್ತದೆ, ಕನ್ನಡಿ ಹಿಡಿದರೆ ಏನು ಮಾಡುತ್ತದೆ, ಒಂದೇ ಕೊಳ್ಳದ ನೀರನ್ನು ಬೆಳಿಗ್ಗೆ ಕುಡಿದದ್ದು ಸಂಜೆ ಯಾಕೆ ಒಲ್ಲೆ ಎನ್ನುತ್ತದೆ, ಇವೇ ಅವನ ಚಿಂತೆ. ಮುತ್ತವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು. "ನನ್ನ ಮಾರಿ ಒಂದ ದಿನಾನೂ ಹಿಂಗ ನೋಡಲಿಲ್ಲ ಈ ಮನಷ್ಯಾ!"

ಅವರಿಗೆ ಬಹಳ ತಡವಾಗಿ ಒಬ್ಬ ಮಗಳು ಹುಟ್ಟಿದಳು. ಮಾದೇವಿ ಎಂದು ಹೆಸರಿಟ್ಟರು. ಸೂಲಗಿತ್ತಿ ಕೂಸನ್ನು ತಂದು ಕೈಗೆ ಕೊಟ್ಟಾಗ ಸಿದರಾಯನ ನಡುಬೆರಳು ರೂಢಿಯಂತೆ ತಾನಾಗಿ ಕೂಸಿನ ನೆತ್ತಿಗೆ ಹೋಯಿತು. ಅಲ್ಲಿ ಒಂದು ಸುಳಿ ಇತ್ತು. ಅದರ ಪಕ್ಕಕ್ಕೇ ಇನ್ನೊಂದು.

ನೆತ್ತಿಯ ಮೇಲೆ ಜೋಡಿ ಸುಳಿ ಇದ್ದವರಿಗೆ ಎರಡು ಮದುವೆ ಎನ್ನುತ್ತಾರೆ. ಗಂಡಿಗಿದ್ದರೆ ನಕ್ಕು ಚಾಷ್ಟಿ ಮಾಡಿ ಬಿಡುತ್ತಾರೆ. ಹೆಣ್ಣಿಗಿದ್ದರೆ ಮೊದಲನೆಯ ಗಂಡ ಬಾಳುವುದಿಲ್ಲ ಎಂದು ಅರ್ಥ ಮಾಡುತ್ತಾರೆ. ಈ ಲೆಕ್ಕ ಯಾವ ಪುಣ್ಯಾತ್ಮ ಹಚ್ಚಿದನೋ, ಅವನ ಕೈ ಸೇದಿ ಹೋಗಲಿ! ಸಿದರಾಯ ಕೂಸಿನ ತಲೆಯ ಮೇಲೆ ಬಟ್ಟೆ ಎಳೆದು ಎದೆಗೆ ಅವಚಿಕೊಂಡ. ಒಂದು ವಾರದ ಮೇಲೆ ಹೆಂಡತಿಗೆ ಮೆಲ್ಲಗೆ ಹೇಳಿದ.

"ಇದಕ್ಕ ಕೂದಲಾ ಬಂದ ಮ್ಯಾಲೆ ಬೈತಲಿ ಎಡಕ ತಗಿ. ಎಣ್ಣಿ ಹೆಚ್ಚಿಗಿ ಹಚ್ಚು. ಹೆಳಲು ಬಿಗಿ ಇರಲಿ."

ಮುತ್ತವ್ವ ಯಾಕೆ ಎಂದು ಕೇಳಲಿಲ್ಲ. ಹೆತ್ತವಳಿಗೆ ಅದು ಆಗಲೇ ಗೊತ್ತಿತ್ತು. ಕೆಟ್ಟ ಸುಳಿಯ ಮೇಲೆ ಮೇಣ ಹಚ್ಚಿ ಕೂದಲು ತಿರುವಿ ತರುತ್ತಿದ್ದ ದಲಾಲರನ್ನು ಪೇಟೆಯ ನಡುವೆ ಹಿಡಿದು, ಉಗುಳು ಹಚ್ಚಿ ಉಜ್ಜಿ, ಎಲ್ಲರ ಮುಂದೆ ಮರ್ಯಾದೆ ತೆಗೆಯುತ್ತಿದ್ದ ಸಿದರಾಯ ತನ್ನ ಮನೆಯಲ್ಲಿ ಅದನ್ನೇ ಮಾಡಿದ. ಪೇಟೆಗೆ ಹೋದಾಗ ಮೊದಲಿನ ಹಾಗೆಯೇ "ಬ್ಯಾಡ" ಎನ್ನುವುದನ್ನೂ ಬಿಡಲಿಲ್ಲ.

ವರ್ಷಗಳು ಉರುಳಿದವು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಟೆಂಪೊ, ಆಟೊ ಬಂದು ಟಾಂಗಾಗಳನ್ನು ನುಂಗಿದವು. ಸಿದರಾಯ ಟಾಂಗಾ ಬಿಟ್ಟು, ಮದುವೆ ಕುದುರೆ ಮತ್ತು ಶರ್ಯತ್ತಿನ, ಅಂದರೆ ಪಂದ್ಯದ, ಗಾಡಿ ಕುದುರೆಗಳನ್ನು ಪಳಗಿಸುವ ಕೆಲಸದಲ್ಲಿ ನಿಂತ. ಮಾದೇವಿ ಹತ್ತನೆಯ ಇಯತ್ತೆ ಪಾಸಾಗಿ ಮನೆಯಲ್ಲೇ ಹೊಲಿಗೆ ಮಷಿನ್ ಹಾಕಿದಳು. ಮದುವೆ ಕುದುರೆಯ ಬೆನ್ನಿಗೆ ಹೊದಿಸುವ ಜೂಲನ್ನೂ ಅವಳೇ ಹೊಲಿಯುತ್ತಿದ್ದಳು. ಅಪ್ಪನ ಹಾಗೆ ಅವಳಿಗೂ ಪ್ರಶ್ನೆಗಳ ರೋಗ.

ಅವಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಬನಹಟ್ಟಿಯಿಂದ ಒಂದು ಸಂಬಂಧ ಬಂತು. ಶಿದ್ರಾಮಪ್ಪ ಎಂಬ ಮಗ್ಗದ ಸಾಹುಕಾರ, ಸಿದರಾಯನ ಹಳೆಯ ಗಿರಾಕಿ. ಅವನ ಹಿರಿಯ ಮಗನನ್ನು ಗುಡಿಗೆ ಹೊತ್ತದ್ದು ಸಿದರಾಯನ ಕುದುರೆಯೇ. ಈಗ ಕಿರಿಯವನಿಗೆ ಹೆಣ್ಣು ನೋಡಲು ಬಂದಿದ್ದ. ಹುಡುಗ ನಾಚಿಕೆಯ ಸ್ವಭಾವದವನು. ಅವಲಕ್ಕಿಯಲ್ಲಿನ ಹಸಿಮೆಣಸಿನಕಾಯಿ ಕಚ್ಚಿ, ಯಾರಿಗೂ ತೋರಿಸಲಾರದೆ ಕಣ್ಣು ತುಂಬಿಕೊಂಡು ಕೂತಿದ್ದ. ಮಾದೇವಿ ಅದನ್ನು ನೋಡಿ, ಕೇಳದೆಯೇ ನೀರು ತಂದಿಟ್ಟಳು. ಅವರು ಹೋದ ಮೇಲೆ ಅವ್ವನನ್ನು ಹುಡುಗನ ಹೆಸರೇನೆಂದು ಎರಡು ಸಲ ಕೇಳಿದಳು. ಮುತ್ತವ್ವ ಒಳಗೇ ನಕ್ಕು ದೇವರಿಗೆ ಕೈ ಮುಗಿದಳು.

ಮಾತು ಮುಂದುವರಿಯಿತು. ಒಂದು ದಿನ ಹೇಳದೆ ಕೇಳದೆ ಶಿದ್ರಾಮಪ್ಪ ತನ್ನ ಅಕ್ಕ ಪದ್ಮವ್ವನನ್ನು ಕರೆದುಕೊಂಡು ಸೀರೆ, ಹೂವು ತಂದ. ಆ ಮನೆಯಲ್ಲಿ ಪದ್ಮವ್ವ ಹೇಳಿದ್ದೇ ಕಾಯಿದೆ. ಅವತ್ತು ಮಾದೇವಿ ಆಗಷ್ಟೇ ಎರೆದುಕೊಂಡಿದ್ದಳು, ಕೂದಲು ಹರವಿತ್ತು, ಎಣ್ಣೆಯ ಹನಿಯೂ ಇರಲಿಲ್ಲ. ಮುತ್ತವ್ವ ಬಾಚಣಿಗೆ ಹಿಡಿದು ಓಡಿ ಬರುವಷ್ಟರಲ್ಲಿ ಪದ್ಮವ್ವ ಹುಡುಗಿಯನ್ನು ಮುಂದೆ ಕೂರಿಸಿಕೊಂಡು ಹೂ ಮುಡಿಸತೊಡಗಿದ್ದಳು. ನೆತ್ತಿಯ ಮೇಲೆ ಅವಳ ಕೈ ನಿಂತುಬಿಟ್ಟಿತು.

ಪದ್ಮವ್ವ ಗದ್ದಲ ಮಾಡಲಿಲ್ಲ. ಹೂವನ್ನು ಮುಡಿಸಿಯೇ ಎದ್ದಳು. ಹೊರಗೆ ಬಂದು ತಮ್ಮನ ಕಿವಿಯಲ್ಲಿ ಏನೋ ಹೇಳಿದಳು. ಶಿದ್ರಾಮಪ್ಪನ ಮುಖ ಇಳಿಯಿತು. ಟೋಪಿಯನ್ನು ಕೈಯಲ್ಲಿ ತಿರುವುತ್ತ ಹೇಳಿದ.

"ಸಿದರಾಯಣ್ಣಾ, ನಿಮ್ಮ ಬಾಯಿ ಮ್ಯಾಲೆ ನಾವು ಕುದುರಿ ಕಟ್ಟೀವಿ, ಬಿಟ್ಟೀವಿ. ಒಂದ ಸಲಾನೂ ನಿಮ್ಮ ಮಾತ ಮೀರಿಲ್ಲ. ಈಗೂ ನೀವ ಹೇಳ್ರಿ. ಈ ಸುಳಿ ಅನ್ನೂದು ಖರೇನೋ, ಸುಳ್ಳೋ? ಮಗಳ ಅಪ್ಪ ಆಗಿ ಹೇಳಬ್ಯಾಡ್ರಿ. ಪ್ಯಾಟ್ಯಾಗ ನಿಂತು ಹೇಳ್ತೀರಲ್ಲ, ಹಂಗ ಹೇಳ್ರಿ. ನೀವು ಸುಳ್ಳ ಅಂದ್ರ ನಾನೂ ಸುಳ್ಳ ಅಂತೇನಿ. ಲಗ್ನಾ ಮಾಡೂಣು."

ಸುಳ್ಳು ಎಂಬ ಒಂದು ಮಾತು ಹೇಳಿದರೆ ಸಾಕಿತ್ತು. ಅದು ಸಿದರಾಯನ ನಾಲಗೆಯ ತುದಿಗೂ ಬಂತು. ಆದರೆ ಎದುರಿಗೆ ಕೂತವನು ಇಷ್ಟು ವರ್ಷ ತನ್ನ ಬಾಯನ್ನು ನಂಬಿದವನು, ಅವನ ಮಗನ ಜೀವದ ಮಾತು ಇದು. ಸಿದರಾಯನಿಗೆ ಆ ಗಳಿಗೆಯಲ್ಲಿ ಹೊಳೆದ ಸತ್ಯವೆಂದರೆ, ಖರೆಯೋ ಸುಳ್ಳೋ ತನಗೇ ಗೊತ್ತಿಲ್ಲ.

"ಪಂಚಮಿ ತನಕ ಟೈಮ ಕೊಡ್ರಿ," ಎಂದ. "ಹೇಳ್ತೇನಿ."

ಅವರು ಹೋದ ಮೇಲೆ ಮುತ್ತವ್ವ ಎದ್ದು ನಿಂತು ಜಗಳ ತೆಗೆದಳು. "ಬಾಯಾಗ ಏನ ಕಡಬ ತುರುಕಿದ್ರೇನು? ಸುಳ್ಳರಿ ಅನ್ನಾಕ ಎಷ್ಟೊತ್ತ ಬೇಕಿತ್ತು?" ಎಂದು ಅತ್ತಳು. ಮಾದೇವಿ ಅಳಲಿಲ್ಲ. ತನ್ನ ತಲೆಯ ಮೇಲೆ ಏನೋ ಇದೆ, ಅದನ್ನು ಇಷ್ಟು ವರ್ಷ ಅವ್ವ ಎಣ್ಣೆ ಹಾಕಿ ಮುಚ್ಚಿದ್ದಾಳೆ ಎಂಬುದು ಅವಳಿಗೆ ತಿಳಿದದ್ದೇ ಅವತ್ತು. ಗೋಡೆಗೆ ಆನಿಕೊಂಡು ಅಪ್ಪನನ್ನು ಕೇಳಿದಳು.

"ಯಪ್ಪಾ, ನೀ ಬ್ಯಾಡ ಅಂದ ಕುದುರಿ ಎಲ್ಲಾ ಮುಂದ ಏನಾದ್ವು?"

ಸಿದರಾಯ ಮಗಳ ಮುಖ ನೋಡಿದ. ಯಾವ ಕುದುರೆಗೆ ಯಾವ ಸುಳಿ ಎಲ್ಲಿತ್ತು ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಅವು ಏನಾದವು? ಕುದುರೆಯ ನಿದ್ದೆ, ನೀರು, ಕಾಲು ಎಲ್ಲದರ ಬಗ್ಗೆ ತಲೆ ಕೆಡಿಸಿಕೊಂಡ ಮನುಷ್ಯ ಈ ಒಂದು ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ಅವನಿಗೆ ನಾಚಿಕೆಯೂ ಆಯಿತು, ಹೇಳಬಾರದ ಒಂದು ಹುರುಪೂ ಬಂತು. ಜಾಡು ಹಿಡಿಯಬಹುದಾದ ಮೂರು ಕುದುರೆಗಳನ್ನು ನೆನೆದುಕೊಂಡು, ಮರುದಿನ ರೊಟ್ಟಿ ಗಂಟು ಕಟ್ಟಿಸಿಕೊಂಡು ಬಸ್ಸು ಹತ್ತಿದ.

ಮೊದಲು ಹೋದದ್ದು ಬೀಳಗಿಗೆ. ಅಲ್ಲಿ ಧರೆಪ್ಪ ಎಂಬುವನ ಗಂಡು ಕುದುರೆಯೊಂದನ್ನು ಸಿದರಾಯ ಪೇಟೆಯಿಂದ ವಾಪಸು ಕಳಿಸಿದ್ದ. ಧರೆಪ್ಪ ಈಗ ಬಸ್‌ಸ್ಟ್ಯಾಂಡಿನ ಮುಂದೆ ಚಹಾದಂಗಡಿ ಇಟ್ಟಿದ್ದ. ಗುರುತು ಹಿಡಿದು ಚಹಾ ಕೊಟ್ಟ.

"ಆ ಕುದುರಿ ಏನಾತು ಧರೆಪ್ಪಾ?"

"ಏನ ಆಗತೈತ್ರಿ? ನೀವು ಬ್ಯಾಡ ಅಂದ ಮ್ಯಾಲೆ ಯಾರೂ ತಗೋಲಿಲ್ಲ. ಸುಮ್ಮನ ಮೇವು ಹಾಕೂದು ಎಲ್ಲಿ ತನಕ? ಒಯ್ದು ಗುಡ್ಡದಾಗ ಬಿಟ್ಟ ಬಂದ್ನಿ. ಎರಡ ಸಲ ಮನಿಗೆ ತಿರುಗಿ ಬಂತರಿ. ಮೂರನೇ ಸಲ ಬರಲಿಲ್ಲ."

ಧರೆಪ್ಪ ಇದನ್ನು ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿ ಮುಂದಿನ ಗಿರಾಕಿಗೆ ಕಪ್ಪು ತೊಳೆಯತೊಡಗಿದ. ಸಿದರಾಯ ಅರ್ಧ ಕುಡಿದ ಚಹಾವನ್ನು ಹಾಗೇ ಕೆಳಗಿಟ್ಟ. ಎರಡು ಸಲ ಮನೆಗೆ ತಿರುಗಿ ಬಂದ ಆ ಕುದುರೆಯ ಮುಖ ಅವನಿಗೆ ಚೆನ್ನಾಗಿ ನೆನಪಿತ್ತು. ತಂಬಿಗೆಯಲ್ಲಿ ನೀರು ಹಿಡಿದರೆ ತುಟಿಯಿಂದ ತಂಬಿಗೆಯನ್ನೇ ಎಳೆಯುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತು ಊರು ಸೇರಿದ. ಅವತ್ತು ಉಣ್ಣಲಿಲ್ಲ.

ಎರಡನೆಯದು ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಜಮೀನುದಾರ ಅಣ್ಣಾಸಾಹೇಬರು ಅದನ್ನು ಇಷ್ಟಪಟ್ಟಿದ್ದರು. ಕಣ್ಣೀರ ಸುಳಿ ಕಂಡು ಸಿದರಾಯ ಬಿಡಿಸಿದ್ದ. ಹಳೆಯ ದಲಾಲನೊಬ್ಬನನ್ನು ಹಿಡಿದು ಕೇಳಿದಾಗ, ಅದು ಕಡಿಮೆ ಬೆಲೆಗೆ ಹುನ್ನೂರಿನ ಹುಲೆಪ್ಪನ ಪಾಲಾಯಿತು ಎಂದು ತಿಳಿಯಿತು. ಹುಲೆಪ್ಪ ಹಗುರ ಗಾಡಿಯಲ್ಲಿ ಬೆಲ್ಲ, ಚಿಮಣಿ ಎಣ್ಣೆ ಸಾಗಿಸುತ್ತಿದ್ದವನು. ಅವನ ಮಕ್ಕಳಲ್ಲಿ ಒಬ್ಬ ಈಗ ಸಾಲಿ ಮಾಸ್ತರ, ಒಬ್ಬ ಕಚೇರಿಯಲ್ಲಿ ಕಾರಕೂನ. ಮನೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಹುಲೆಪ್ಪ ಮತ್ತು ಹೆಂಡತಿ ಶಂಕ್ರೆವ್ವ ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತ ಕೂತಿದ್ದರು.

"ಕೊಳ್ಳೂ ಮುಂದ ಸುಳಿ ನೋಡಿಸಿದ್ರೇನು?" ಎಂದು ಸಿದರಾಯ ಸುತ್ತಿ ಬಳಸಿ ಕೇಳಿದ.

ಹುಲೆಪ್ಪ ನಕ್ಕ. "ಸುಳಿ ನೋಡಿಸಾವ್ರು ದೊಡ್ಡ ಮಂದಿರಿ. ನಾವು ನಾಕ ಕಾಲ ಅದಾವಿಲ್ಲೋ ನೋಡಿದ್ವಿ, ಹೊಡಕೊಂಡ ಬಂದ್ವಿ."

"ಮತ್ತ... ಅದು ಬಂದ ಮ್ಯಾಲೆ ಮನ್ಯಾಗ ಏನರ ಕೆಟ್ಟದ್ದು? ಅಳೂದು, ಕರೆಯೂದು?"

"ಅಳೂದೇನ್ರಿ?" ಶಂಕ್ರೆವ್ವ ಮೊರ ಕೆಳಗಿಟ್ಟಳು. "ಅತ್ತೀವಲ್ಲರಿ! ನನ್ನ ಎರಡೂ ಹುಡುಗ್ರನ್ನ ಮಳಿಗಾಲದಾಗ ಹಳ್ಳ ದಾಟಿಸಿ ಸಾಲಿಗೆ ಬಿಟ್ಟದ್ದು ಅದರಿ. ಮುದಿ ಆಗಿ, ಈ ಬೇವಿನ ಗಿಡದ ಬುಡಕ ಕಣ್ಣ ಮುಚ್ಚಿತು. ಆ ದಿನ ಮನಿ ಮಂದಿ ಎಲ್ಲಾ ಅತ್ತೀವಿ. ನಮ್ಮ ಮಾಸ್ತರ ರಜಾ ಹಾಕಿ ಬಂದು ಸಣ್ಣ ಕೂಸಿನಂಗ ಅತ್ತ. ಒಲಿ ಹಚ್ಚಲಿಲ್ಲರಿ ಅವತ್ತು."

ಸಿದರಾಯನಿಗೆ ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಕಣ್ಣೀರ ಸುಳಿ ಅಂದರೆ ಇದೇನಪ್ಪ! ಅದರ ಕಣ್ಣಿನ ಕೆಳಗೆ ಒಂದು ಸುಳಿ ಇತ್ತು, ಗೊತ್ತೇ ಎಂದು ಹೇಳಲು ಬಾಯಿ ತೆರೆದ. ಬೇವಿನ ಮರದ ಬುಡದಲ್ಲಿ ಯಾರೋ ಅವತ್ತೇ ನೀರು ಹಾಕಿದ್ದು ಕಾಣಿಸಿತು. ಬಾಯಿ ಮುಚ್ಚಿಕೊಂಡ. ಕುದುರೆಯ ಸುಳಿ ಗೊತ್ತಿದ್ದೂ ಹೇಳದೆ ಎದ್ದು ಬಂದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಮನೆಗೆ ಬಂದು ಹೇಳಿದಾಗ ಮುತ್ತವ್ವ ಕುಣಿಯುವುದೊಂದು ಬಾಕಿ. "ಆತಲ್ಲರಿ ಇನ್ನ! ನಾಳೆ ಬನಹಟ್ಟಿಗೆ ಹೋಗಿ ಇದನ್ನ ಹೇಳ್ರಿ, ಸುಳಿ ಸುಳ್ಳ ಅನ್ರಿ, ಮುಗೀತು."

"ಹಿಪ್ಪರಗಿ ಕುದುರಿ ಒಂದ ಉಳಿದೈತಿ," ಎಂದ ಸಿದರಾಯ.

"ಅದನ್ನ ನೋಡದಿದ್ರ ಏನ ಗಂಟ ಹೋಗತೈತಿ?"

"ನೋಡದ ಹೆಂಗ ಬಿಡಲಿ?"

ಇದಪ್ಪ ಅವನ ರೋಗ. ಕೈಗೆ ಬಂದ ತುತ್ತು ಬಾಯಿಗೆ ಇಡುವ ಮೊದಲು ಅದರ ಹಿಂದೆ ಮುಂದೆ ತಿರುಗಿಸಿ ನೋಡಬೇಕು. ಮುತ್ತವ್ವ ಸಿಟ್ಟಿನಿಂದ ಅವತ್ತು ಪಲ್ಯಕ್ಕೆ ಉಪ್ಪನ್ನೇ ಹಾಕಲಿಲ್ಲ. ಸಿದರಾಯನಿಗೆ ಅದೂ ತಿಳಿಯಲಿಲ್ಲ, ಉಂಡು ಕೈ ತೊಳೆದ.

ಹಿಪ್ಪರಗಿಯ ಹಣಮಂತ ಹೊಳೆ ದಂಡೆಯ ರೈತ, ಕಬ್ಬಿನ ಗದ್ದೆ ಇದ್ದವನು, ಶರ್ಯತ್ತಿನ ಹುಚ್ಚ. ಬೆನ್ನ ಮೇಲೆ ಸುಳಿ ಇದ್ದ ಒಂದು ಕುದುರೆಯನ್ನು ಸಿದರಾಯ ಬ್ಯಾಡ ಎಂದಿದ್ದರೂ, ಕಡಿಮೆಗೆ ಸಿಕ್ಕಿತು ಎಂದು ಮೊಂಡತನದಿಂದ ಅವನು ಕಟ್ಟಿಕೊಂಡಿದ್ದ. ಸಿದರಾಯ ಬಂದದ್ದು ಕಂಡು ಕುಂಟುತ್ತ ಅಂಗಳಕ್ಕೆ ಬಂದು, ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದ.

"ಬರ್ರೆಲೇ, ನೋಡ್ರಿ! ನಾ ಹೇಳ್ತಿದ್ನೆಲ್ಲ, ಸಿದರಾಯಣ್ಣ ಅಂತ, ಇವರ! ಒಡೆಯನ್ನ ಕೆಡವತೈತಿ ಅಂದಿದ್ರಿ. ಕೆಡವಿ ಟೊಂಕಾ ಮುರದು ಹೋತು ನೋಡ್ರಿ! ನಿಮ್ಮ ಮಾತು ದೇವರ ಮಾತ ಆತು."

ಯಾವ ಮನುಷ್ಯ ಸೊಂಟ ಮುರಿದುಕೊಂಡು ಇಷ್ಟು ಖುಷಿಯಾಗಿರುತ್ತಾನೆ? ಜನ ಸಿದರಾಯನ ಕಾಲು ಮುಟ್ಟಿದರು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಹುನ್ನೂರಿನಲ್ಲಿ ಸುಳ್ಳಾದದ್ದು ಇಲ್ಲಿ ಖರೆಯಾಗಿ ಕುಂಟುತ್ತಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು. ಆದರೂ ಕೇಳುವ ಚಟ ಬಿಡಲಿಲ್ಲ. ಹಣಮಂತನ ತಾಯಿ ಮರೆವ್ವ ನೀರಿನ ತಂಬಿಗೆ ತಂದಾಗ ಕೇಳಿದ.

"ಆ ಕುದುರಿ ಹೆಂಗ ಇಟಗೊಂಡಿದ್ರಿ ಬೇ, ಯವ್ವಾ?"

"ಹೆಂಗ ಇಡೂದಪಾ? ಕೆಟ್ಟ ಸುಳಿದು ಅಂತ ಗೊತ್ತಿತ್ತಲ್ಲ. ಬಂದ ದಿನದಿಂದ ಯಾರೂ ಅದರ ಮೈ ಮುಟ್ಟಲಿಲ್ಲ. ಹಗ್ಗಾ ಗಿಡ್ಡ ಕಟ್ಟಿ ದೂರಿಂದ ಮೇವು ಒಗಿತಿದ್ವಿ. ಕಿವಿ ಝಾಡಿಸಿದ್ರ ಸುಳಿ ಎದ್ದೈತಿ ನೋಡ್ರಿ ಅಂತಿದ್ವಿ. ಮನ್ಯಾಗ ಕೂಸಿಗೆ ಜ್ವರಾ ಬಂದ್ರ ಅದಕ್ಕ ಎರಡ ಏಟು. ನಮ್ಮ ಹಣಮಂತ ಚಾಬೂಕ ಇಲ್ಲದ ಒಂದ ದಿನಾ ಅದರ ಹತ್ರ ಹೋಗಲಿಲ್ಲ."

"ಮದಲ ಹೊಡದದ್ದು ಯಾವಾಗ? ಅದು ಏನ ಮಾಡಿತ್ತು?"

ಮರೆವ್ವ ನೆನಪು ಮಾಡಿಕೊಂಡಳು. "ಮದಲಾ? ಬಂದ ದಿನಾನ. ಏನೂ ಮಾಡಿರಲಿಲ್ಲಪಾ. ಅಂಜಿಕಿ ಇರಲಿ ಅಂತ."

ಸಿದರಾಯ ತಂಬಿಗೆಯ ನೀರನ್ನು ಪೂರ್ತಿ ಕುಡಿದು, ಕೆಳಗಿಟ್ಟು ಎದ್ದ. ಬಸ್ಸಿನ ದಾರಿಯುದ್ದಕ್ಕೂ ಎರಡು ಮನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದ. ಎರಡೂ ಕಡೆ ಕೆಟ್ಟ ಸುಳಿ. ಒಂದು ಮನೆಗೆ ಗೊತ್ತಿರಲಿಲ್ಲ, ಇನ್ನೊಂದು ಮನೆಗೆ ಗೊತ್ತಿತ್ತು. ಆ ಮನೆಗೆ ಗೊತ್ತು ಮಾಡಿಸಿದವನು ತಾನೇ.

ಪಂಚಮಿಯ ಮುಂಚಿನ ದಿನ ಬನಹಟ್ಟಿಗೆ ಹೋದ. ಮಗ್ಗಗಳ ಸದ್ದು ಓಣಿಯ ತುಂಬ. ಶಿದ್ರಾಮಪ್ಪ ಸ್ವಿಚ್ಚು ಆರಿಸಿ, ಒಳಗೆ ಕರೆದು, ಚಾಪೆ ಹಾಸಿ ಕೂರಿಸಿದ. ಪದ್ಮವ್ವ ಬಾಗಿಲ ಮರೆಯಲ್ಲಿ ನಿಂತಳು. ಸಿದರಾಯ ಒಂದನ್ನೂ ಮುಚ್ಚದೆ ಹೇಳಿದ. ಬೀಳಗಿಯ ಗುಡ್ಡದಲ್ಲಿ ಬಿಟ್ಟು ಬಂದ ಕುದುರೆ, ಹುನ್ನೂರಿನ ಬೇವಿನ ಮರ, ಹಿಪ್ಪರಗಿಯ ಚಾಬೂಕು. ಶಿದ್ರಾಮಪ್ಪ ತೊಡೆ ತಟ್ಟಿ ನಕ್ಕ.

"ಅಂದ್ರ ಸುಳಿದಾಗ ಏನೂ ಇಲ್ಲ ಅಂದಂಗಾತು! ಅಷ್ಟ ಸಾಕು ನನಗ. ಸಿದರಾಯಣ್ಣಾ, ಬಾಯಿ ಸೀ ಮಾಡಕೋರಿ. ಅಕ್ಕಾ, ಸಕ್ಕರಿ ತಾ."

ಪದ್ಮವ್ವ ಸಕ್ಕರೆಯ ಬಟ್ಟಲು ತಂದಳು. ಕ್ರೂರಿಯಲ್ಲ ಆಕೆ, ಮುಖದಲ್ಲಿ ನಗುವೂ ಇತ್ತು. "ಹುಡುಗಿ ಛಲೋ ಐತಿರಿ. ನಂದೇನೂ ಅಡ್ಡಿಯಿಲ್ಲ. ಮಾಡಕೊಂಡ ಬರೂಣು. ಹೆಂಗ ಇರತಾಳೋ ಏನೋ, ನಾವು ನೋಡಕೋತ ಇದ್ರಾತು."

ಸಕ್ಕರೆಗೆ ಚಾಚಿದ ಸಿದರಾಯನ ಕೈ ಅಲ್ಲೇ ನಿಂತಿತು. ನೋಡಕೋತ ಇದ್ರಾತು. ಈ ಮನೆಯಲ್ಲಿ ಹುಡುಗನಿಗೆ ಒಂದು ದಿನ ಕೆಮ್ಮು ಬಂದರೆ, ಮಗ್ಗದ ಪಟ್ಟಿ ಹರಿದರೆ, ರಾತ್ರಿ ಗಂಡ ತಡವಾಗಿ ಬಂದರೆ, ಎಲ್ಲರ ಕಣ್ಣೂ ಮೊದಲು ಹೋಗುವುದು ಎಲ್ಲಿಗೆ ಎಂಬುದು ಅವನಿಗೆ ಕಂಡಿತು. ಯಾರೂ ಹೊಡೆಯುವುದಿಲ್ಲ, ಒಳ್ಳೆಯ ಜನ. ಬರೀ ನೋಡುತ್ತಾರೆ.

"ಇಲ್ಲರಿ," ಎಂದ ಸಿದರಾಯ.

"ಏನ ಇಲ್ಲ?"

"ನಾ ಮಗಳನ್ನ ಕೊಡಾಂಗಿಲ್ಲರಿ. ತಪ್ಪ ತಿಳಕೋಬ್ಯಾಡ್ರಿ. ನಿಮಗ ಗೊತ್ತಾಗಿಬಿಟ್ಟೈತಿ."

ಶಿದ್ರಾಮಪ್ಪನಿಗೆ ಅರ್ಥವಾಗಲಿಲ್ಲ, ಆಮೇಲೆ ಸಿಟ್ಟೂ ಬಂತು. ಒಪ್ಪಿದ ಮೇಲೆ ಒಲ್ಲೆ ಎನ್ನುವ ಬೀಗರನ್ನು ತಾನು ಎಲ್ಲೂ ಕಂಡಿಲ್ಲ ಎಂದ. ಸಿದರಾಯ ಕೈ ಮುಗಿದು ಹೊರಬಿದ್ದ. ಓಣಿಯ ತಿರುವಿನಲ್ಲಿ ಆ ಹುಡುಗ ನೂಲಿನ ಗಂಟು ಹೊತ್ತು ಎದುರಾದ. ಪಾಪ, ಇನ್ನೂ ಏನೂ ಗೊತ್ತಿರಲಿಲ್ಲ, ನಾಚಿ ನಮಸ್ಕಾರ ಮಾಡಿದ. ಸಿದರಾಯನಿಗೆ ಅವನ ಮುಖ ನೋಡಲು ಆಗಲಿಲ್ಲ.

ಮನೆಯಲ್ಲಿ ಏನಾಗಿರಬಹುದು ಎಂದು ಹೇಳಬೇಕೇ? ಮುತ್ತವ್ವ ನೆಲಕ್ಕೆ ಕೂತುಬಿಟ್ಟಳು. "ಹೂಂ ಅಂದಾವ್ರನ್ನ ಬ್ಯಾಡ ಅಂದ ಬಂದ್ರ್ಯಾ? ಜನ್ಮೆಲ್ಲಾ ಕುದುರಿಗೆ ಬ್ಯಾಡ ಬ್ಯಾಡ ಅಂದು ಕಡೀಕ ನನ್ನ ಮಗಳಿಗೂ ಅಂದ್ರಿ!" ಸಿದರಾಯ ಕಟ್ಟೆಯ ಮೇಲೆ ಕೂತು, ನಡೆದದ್ದನ್ನು, ಪದ್ಮವ್ವ ಅಂದ ಮಾತನ್ನು ಸಹಿತ, ಒಂದೊಂದಾಗಿ ಮಗಳಿಗೆ ಹೇಳಿದ. ಹೇಳಿ ಮುಗಿಸುವಾಗ ಅವನಿಗೇ ಅಳು ಬಂತು. ತಪ್ಪು ಮಾಡಿದೆನೋ ಏನೋ ಎಂದು ಕೇಳಿದ.

ಮಾದೇವಿ ಹೊಲಿಗೆ ಮಷಿನ್ ಬಿಟ್ಟು ಎದ್ದು ಬಂದಳು. ಅವಳ ಕಣ್ಣೂ ಕೆಂಪಾಗಿದ್ದವು. ಆ ಹುಡುಗನ ಹೆಸರನ್ನು ಮತ್ತೆ ಅವಳು ಕೇಳಲಿಲ್ಲ. ಅಪ್ಪನ ಮುಂದೆ ಬೆನ್ನು ತಿರುಗಿಸಿ ಕೂತು, ಬಿಗಿಯಾದ ಹೆಳಲನ್ನು ಬಿಚ್ಚಿದಳು. ಎಣ್ಣೆಯಲ್ಲಿ ಅಂಟಿದ್ದ ಕೂದಲನ್ನು ಎರಡೂ ಕೈಯಿಂದ ಹರಡಿದಳು.

"ಎಲ್ಲಿ ಅದಾವ, ತೋರ್ಸು. ಎಲ್ಲಾರೂ ನೋಡ್ಯಾರ, ನಾನೊಬ್ಬಾಕಿ ನೋಡಿಲ್ಲ."

ಸಿದರಾಯ ನಡುಬೆರಳು ಅವಳ ನೆತ್ತಿಗೆ ಇಟ್ಟ. ಹುಟ್ಟಿದ ದಿನ ಮುಟ್ಟಿದ ಮೇಲೆ ಅವನೂ ಆ ಜಾಗ ಮುಟ್ಟಿರಲಿಲ್ಲ. "ಇಲ್ಲಿ ಒಂದ," ಎಂದ. ಬೆರಳು ಸ್ವಲ್ಪ ಸರಿಸಿ, "ಇಲ್ಲೊಂದ," ಎಂದ. ಮಾದೇವಿ ಅಪ್ಪನ ಬೆರಳಿನ ಜೊತೆಗೆ ತನ್ನ ಬೆರಳು ತಂದು ಮೊದಲನೆಯದನ್ನು ಮುಟ್ಟಿದಳು, ಆಮೇಲೆ ಎರಡನೆಯದನ್ನು. ಮತ್ತೆ ಮೊದಲನೆಯದಕ್ಕೆ ಬಂದಳು. ಬಹಳ ಹೊತ್ತು ಹುಡುಕಿದಳು, ಇನ್ನೂ ಏನಾದರೂ ಇದ್ದೀತು ಎನ್ನುವ ಹಾಗೆ.

"ಇಷ್ಟೇನು?" ಎಂದಳು.

"ಇಷ್ಟ ನೋಡವಾ," ಎಂದ ಸಿದರಾಯ.